ರಫೂ ಅಮ್ಮನ ತುಟಿ

ಮಗು ಹುಟ್ಟಿದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದವರೆಲ್ಲ ಮೊದಲು ಮಗುವಿನ ಮುಖ ನೋಡಿದರು, ಆಮೇಲೆ ಅಜ್ಜಿ ರಫೂ ಅಮ್ಮನ ಮುಖ ನೋಡಿದರು. ಮಗುವಿನ ಮೇಲ್ದುಟಿ ಎಡಗಡೆಯಲ್ಲಿ ಮೂಗಿನ ಹೊಳ್ಳೆಯವರೆಗೂ ಸೀಳಿತ್ತು. ಅಜ್ಜಿಯ ಮೇಲ್ದುಟಿಯಲ್ಲಿ ಅದೇ ಜಾಗದಲ್ಲಿ ಹಳೆಯ ಹೊಲಿಗೆಯ ಗಂಟೊಂದಿತ್ತು. ಸೊಸೆಯ ಅಕ್ಕ ಮೂಲೆಗೆ ಹೋಗಿ, ಇದು ಆ ಕಡೆಯಿಂದಲೇ ಬಂದದ್ದು ಎಂದು ಫೋನಿನಲ್ಲಿ ಯಾರಿಗೋ ಪಿಸುಗುಟ್ಟಿದ್ದು ಎಲ್ಲರ ಕಿವಿಗೂ ಬಿತ್ತು.

ರಫೂ ಅಮ್ಮ ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹರಿದ ಬಟ್ಟೆ ಕೈಗೆ ಬಂದಾಗಲೂ ಅವಳು ಹಾಗೇ, ಮೊದಲು ಬೆಳಕಿಗೆ ಹಿಡಿಯುವುದು, ಆಮೇಲೆ ಮಾತು.

“ಅಂಗುಳ ಸರಿಯಾಗಿದೆ. ತುಟಿ ಮಾತ್ರ. ಇದು ಆಗುವ ಕೆಲಸ” ಎಂದಳು.

ರಫೂ ಮಾಡುವುದೇ ಅವಳ ಕಸುಬು. ಕೋಟಿನಲ್ಲಿ ಸಿಗರೇಟು ಸುಟ್ಟ ತೂತು, ಶಾಲಿನಲ್ಲಿ ಇಲಿ ಕಡಿದ ಮೂಲೆ, ಮೊಳೆಗೆ ಸಿಕ್ಕಿ ಹರಿದ ಉಣ್ಣೆಯ ಪ್ಯಾಂಟು, ಇಂಥವು ಪೇಟೆಯ ಮೂರು ಡ್ರೈಕ್ಲೀನಿಂಗ್ ಅಂಗಡಿಗಳಿಂದ ಪೊಟ್ಟಣ ಕಟ್ಟಿಸಿಕೊಂಡು ಅವಳ ಮನೆಗೆ ಬರುತ್ತಿದ್ದವು. ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ಭೂತಕನ್ನಡಿಯ ಕೆಳಗೆ ಕೂದಲಿನಷ್ಟು ಸಣ್ಣ ಸೂಜಿಯಲ್ಲಿ ಮೇಲೊಂದು ಕೆಳಗೊಂದು ನೇಯ್ದು, ತೂತು ಎಲ್ಲಿತ್ತು ಎಂದು ಗಿರಾಕಿಯೇ ತಡಕಾಡುವ ಹಾಗೆ ಮಾಡಿ ಕಳಿಸುತ್ತಿದ್ದಳು. ರಫೂ ಅಮ್ಮ ಎನ್ನುವುದು ಅಂಗಡಿಯವರು ಇಟ್ಟ ಹೆಸರು. ಸಿಟ್ಟು ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ.

ಅವಳ ಸ್ವಂತ ತುಟಿಯ ಹೊಲಿಗೆ ಮಾತ್ರ ಊರಿಗೆಲ್ಲ ಕಾಣುವಂಥದ್ದು. ಏಳನೆಯ ವರ್ಷದಲ್ಲಿ, ಶಾಲೆಯ ಕೋಣೆಯೊಂದರಲ್ಲಿ ನಡೆದ ಉಚಿತ ಶಿಬಿರದಲ್ಲಿ, ಒಂದೇ ದಿನ ನಲವತ್ತು ಮಕ್ಕಳ ತುಟಿ ಹೊಲಿದ ಡಾಕ್ಟರೊಬ್ಬರ ಕೈಕೆಲಸ ಅದು. ಸೀಳು ಮುಚ್ಚಿತು, ತುಟಿ ಮಾತ್ರ ಮೇಲಕ್ಕೆ ಎಳೆದುಕೊಂಡೇ ಉಳಿಯಿತು. ಬಾಯಿ ಮುಚ್ಚಿದರೂ ಕಡಲೆಕಾಳಿನಷ್ಟು ಸಂದು, ಅದರೊಳಗೆ ಒಂದು ಹಲ್ಲಿನ ತುದಿ. ನೀರು ಕುಡಿಯುವಾಗ, ನಗುವಾಗ, ಹೊಸಬರ ಜೊತೆ ಮಾತಾಡುವಾಗ ಎಡಗೈ ತಾನಾಗಿಯೇ ಬಾಯಿಗೆ ಅಡ್ಡ ಬರುತ್ತಿತ್ತು.

ಇದರ ಮೇಲೆ ಕಿಡ್ನಿಯ ಕಾಯಿಲೆ. ಆರು ವರ್ಷದ ಹಿಂದೆ ರಕ್ತದೊತ್ತಡಕ್ಕೆ ತೋರಿಸಿಕೊಳ್ಳಲು ಹೋದಾಗ ಗೊತ್ತಾದದ್ದು. ಆಗ ಎರಡೂ ಸೇರಿ ನೂರಕ್ಕೆ ನಲವತ್ತರಷ್ಟು ಕೆಲಸ ಮಾಡುತ್ತಿದ್ದವು. ಮೂರು ವರ್ಷದ ಹಿಂದೆ ದವಡೆಹಲ್ಲು ಕೀಳಿಸಿಕೊಳ್ಳಲು ಹೋಗಿ, ಕಿಡ್ನಿಯ ವಿಷಯ ಹೇಳಲು ಮರೆತಳು. ಹಲ್ಲಿನ ಡಾಕ್ಟರು ಕೊಟ್ಟ ನೋವಿನ ಮಾತ್ರೆಯನ್ನು ಹತ್ತು ದಿನ ತಪ್ಪದೆ ನುಂಗಿದಳು. ಹನ್ನೊಂದನೆಯ ದಿನ ಕಾಲು ಕಂಬವಾಗಿ ಊದಿಕೊಂಡಿತು. ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ನಲವತ್ತು ಮೂವತ್ತಾಗಿತ್ತು. ಹೋದ ಹತ್ತು ಮತ್ತೆ ಬರಲಿಲ್ಲ.

ಅದೇ ವರ್ಷ ಮನೆಗೆ ಬಂದ ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮದುವೆಯಾದ ತಿಂಗಳಲ್ಲೇ ಅಡುಗೆಮನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ತರಕಾರಿ ಬೇಯಿಸಿ ಆ ನೀರು ಚೆಲ್ಲಬೇಕು. ಉಪ್ಪು ಔಷಧಿಯ ಚಮಚದಲ್ಲಿ. ಮಾತ್ರೆಗಳು ಏಳು ಖಾನೆಯ ಡಬ್ಬಿಯಲ್ಲಿ. ಅತ್ತೆ ಮುಟ್ಟಬಾರದ ಔಷಧಿಗಳ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ ಕೆಂಪು ಶಾಯಿಯಲ್ಲಿ. ಉಪ್ಪು ತಿಂದವರು ನೀರು ಕುಡಿಯಬೇಕು ಅಂತಾರೆ, ಈ ಮನೆಯಲ್ಲಿ ತಿನ್ನದೆ ಇರುವವರೂ ಅಳತೆ ಮಾಡಿ ಕುಡಿಯಬೇಕು ಎಂದು ಮಾವ ಹಾಸ್ಯ ಮಾಡುತ್ತಿದ್ದ. ಆದರೆ ಅವನೂ ಅದೇ ಸಪ್ಪೆ ಊಟವನ್ನು ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದ. ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಅವನ ಕೆಲಸ. ಯಾವ ಭಾರವನ್ನು ಯಾವ ಹಗ್ಗ ತಡೆಯುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು.

ಮಗುವಿಗೆ ಮೊಲೆ ಚೀಪಲು ಆಗುತ್ತಿರಲಿಲ್ಲ. ಉದ್ದ ಮೂತಿಯ ಮೆತ್ತಗಿನ ಬಾಟಲಿಯಲ್ಲಿ ಹನಿಹನಿಯಾಗಿ ಹಿಂಡಬೇಕು, ಒಂದು ಸಲದ ಹಾಲಿಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗಳೆಲ್ಲ ರಫೂ ಅಮ್ಮನ ಪಾಲಿಗೆ ಬಂದವು. ಸೊಸೆ ಹಾಲು ಹಿಂಡಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು, ಇವಳು ಭೂತಕನ್ನಡಿಯ ಮುಂದಿನ ಕುರ್ಚಿಯನ್ನೇ ತಿರುಗಿಸಿಕೊಂಡು ಕುಡಿಸುತ್ತಿದ್ದಳು. ನಾಲ್ಕನೆಯ ತಿಂಗಳಲ್ಲಿ ಪುಟ್ಟಿಗೆ ಆಪರೇಷನ್ ಆಯಿತು. ಎರಡು ಗಂಟೆ ಒಳಗಿಟ್ಟುಕೊಂಡು, ಮೂಗಿನ ಕೆಳಗೆ ಸಣ್ಣ ಪಟ್ಟಿ ಅಂಟಿಸಿ ಕೊಟ್ಟರು.

ಆರನೆಯ ದಿನ ಹೊಲಿಗೆ ಬಿಚ್ಚಿದ ಮೇಲೆ ರಫೂ ಅಮ್ಮ ಚೀಲದಿಂದ ತನ್ನ ಭೂತಕನ್ನಡಿ ತೆಗೆದಳು. ಆಪರೇಷನ್ ಮಾಡಿದ ಡಾಕ್ಟರಮ್ಮ ನಲವತ್ತರ ಆಸುಪಾಸಿನವರು, ಕನ್ನಡಿ ನೋಡಿ ನಕ್ಕು ದೀಪವನ್ನು ಹತ್ತಿರಕ್ಕೆ ಎಳೆದುಕೊಟ್ಟರು. ರಫೂ ಅಮ್ಮ ಬಗ್ಗಿದಳು. ಸೀಳಿದ್ದ ಕಡೆ ಈಗ ತೆಳು ಗುಲಾಬಿ ಗೆರೆಯೊಂದು ಮಾತ್ರ. ಗೆರೆ ನೇರವಾಗಿ ಇಳಿದಿರಲಿಲ್ಲ. ತುಟಿಯ ಅಂಚಿನ ಹತ್ತಿರ ಬಂದು ಒಂದು ಸಣ್ಣ ತಿರುವು ತೆಗೆದುಕೊಂಡು, ಚರ್ಮ ಚರ್ಮಕ್ಕೆ, ಕೆಂಪು ಕೆಂಪಿಗೆ, ಎಳೆಗೆ ಎಳೆ ಕೂಡಿತ್ತು. ನೇರ ಹೊಲಿದರೆ ವಾಸಿಯಾಗುವಾಗ ಎಳೆದುಕೊಳ್ಳುತ್ತದೆ, ಅದಕ್ಕೇ ಈ ತಿರುವು ಎನ್ನುವುದು ಅವಳಿಗೆ ಯಾರೂ ಹೇಳದೆ ಹೊಳೆಯಿತು. ಉಸಿರಾಡುವ, ಬೆಳೆಯುವ, ಅಳುವ ಬಟ್ಟೆಯ ಮೇಲೆ ಯಾರೋ ಕೂತು ಇದನ್ನು ಮಾಡಿದ್ದಾರೆ. ಮೂವತ್ತು ವರ್ಷ ಸೂಜಿ ಹಿಡಿದವಳು ಡಾಕ್ಟರಮ್ಮನ ಬೆರಳುಗಳನ್ನೇ ನೋಡುತ್ತ ನಿಂತುಬಿಟ್ಟಳು. ಕೈಮುಗಿಯಬೇಕು ಅನ್ನಿಸಿತು, ಕನ್ನಡಿ ಕೈಯಲ್ಲಿತ್ತು.

ಪುಟ್ಟಿಗೆ ಒಂಬತ್ತು ತಿಂಗಳಾದಾಗ ಮತ್ತೆ ತೋರಿಸಲು ಕರೆದಿದ್ದರು. ಸೊಸೆಗೆ ರಜೆ ಸಿಗದೆ ಅಜ್ಜಿ ಒಬ್ಬಳೇ ಕರೆದುಕೊಂಡು ಹೋದಳು. ಮಗುವನ್ನು ನೋಡಿ ಮುಗಿಸಿದ ಡಾಕ್ಟರಮ್ಮ ಕೈಗವಸು ತೆಗೆಯುತ್ತ, ಇವಳ ತುಟಿಯ ಕಡೆ ಕಣ್ಣಲ್ಲೇ ತೋರಿಸಿದರು.

“ಇದನ್ನೂ ಸರಿ ಮಾಡಬಹುದು. ನಿಮಗೆ ಮನಸ್ಸಿದ್ರೆ.”

ಪ್ರಜ್ಞೆ ತಪ್ಪಿಸುವುದು ಬೇಡ, ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು, ಒಂದೂವರೆ ಗಂಟೆ, ಎಂದರು. ರಫೂ ಅಮ್ಮ ಕಿಡ್ನಿಯ ವಿಷಯ ಹೇಳಿದಳು. ಈ ಸಲ ಮರೆಯಲಿಲ್ಲ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಬರೆದುಕೊಂಡರು. ಹಾಗಾದರೆ ನಿಮ್ಮ ಕಿಡ್ನಿ ಡಾಕ್ಟರು ಹೂಂ ಅನ್ನದೆ ನಾನು ಸೂಜಿ ಮುಟ್ಟುವುದಿಲ್ಲ ಎಂದರು.

ಒಂದು ವಾರ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ಮುಂದಿನ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಅನ್ನ ಬಡಿಸುತ್ತ, ಬಟ್ಟೆಯ ಬೆಲೆ ಹೇಳುವ ಧಾಟಿಯಲ್ಲಿ ಹೇಳಿದಳು. ಮಗನ ಕೈ ತಟ್ಟೆಯ ಮೇಲೆ ನಿಂತಿತು. ಇರಲಾರದವರು ಇರುವೆ ಬಿಟ್ಟುಕೊಂಡ ಹಾಗೆ, ಐವತ್ತಾರು ವರ್ಷಕ್ಕೆ ಯಾರಿಗೆ ತೋರಿಸಲು ಈ ಅಂದಚೆಂದ ಎಂದು ಅವನು ಕೇಳಿದ. ಇನ್ಶುರೆನ್ಸಿನವರು ಇದನ್ನು ಸೌಂದರ್ಯದ ಆಪರೇಷನ್ ಎಂದು ಬರೆದು ವಾಪಸು ಕಳಿಸುತ್ತಾರೆ ಎಂದೂ ಸೇರಿಸಿದ. ಅದು ನನ್ನ ದುಡಿಮೆಯಲ್ಲಿ ಆಗುತ್ತದೆ, ನಿನ್ನನ್ನು ಕೇಳಿದೆನಾ ಎಂದು ತಾಯಿ ಅಂದಳು.

ಸೊಸೆಯ ಮಾತು ಬೇರೆ ಥರದ್ದು. ಅವಳಿಗೆ ಎಲ್ಲ ಗೊತ್ತಿತ್ತು. ಸೋಂಕಾದರೆ ಕೊಡುವ ಆಂಟಿಬಯೋಟಿಕ್ಕುಗಳಲ್ಲಿ ಯಾವುದು ಕಿಡ್ನಿಗೆ ವಿಷ, ರಕ್ತದೊತ್ತಡ ಇಳಿದರೆ ಏನಾಗುತ್ತದೆ, ಏರಿದರೆ ಏನಾಗುತ್ತದೆ, ಒಂದೊಂದಾಗಿ ಬೆರಳು ಮಡಚಿ ಹೇಳಿದಳು. ಒಂದು ಹಲ್ಲಿಗೆ ಹತ್ತು ಕೊಟ್ಟಿರಿ, ಒಂದು ತುಟಿಗೆ ಎಷ್ಟು ಕೊಡುತ್ತೀರಿ ಎಂದಳು. ಆಮೇಲೆ ದನಿ ಒಡೆಯಿತು.

“ಮೂರು ವರ್ಷದಿಂದ ಒಂದೊಂದು ನಂಬರನ್ನೂ ಹಿಡಿದು ಕೂತಿದ್ದೀನಿ ಅತ್ತೆ. ಯಾರಿಗಾಗಿ ಇದೆಲ್ಲ? ನಿಮ್ಮ ಮುಖ ನಮಗೆಲ್ಲ ಅಭ್ಯಾಸ ಆಗಿದೆ. ನಾವು ಯಾರಾದ್ರೂ ಏನಾದ್ರೂ ಅಂದಿದ್ದೀವಾ?”

“ನಿಮಗೆ ಅಭ್ಯಾಸ ಆಗಿದೆ. ನನಗೆ ಆಗಿಲ್ಲ” ಎಂದಳು ರಫೂ ಅಮ್ಮ.

ಆಮೇಲೆ ಯಾರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಪುಟ್ಟಿ ಒಬ್ಬಳೇ ಮೇಜಿನ ಕೆಳಗೆ ಕೂತು ಚಮಚ ಬಡಿಯುತ್ತಿದ್ದಳು.

ಗಂಡ ಮಾತ್ರ ಆ ದಿನ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದವಳ ಪಕ್ಕ ಒರೆಸುವ ಬಟ್ಟೆ ಹಿಡಿದು ಬಂದು ನಿಂತ. ಎರಡು ತಟ್ಟೆ, ಮೂರು ಲೋಟ ಒರೆಸಿಟ್ಟ ಮೇಲೆ ಬಾಯಿ ಬಿಟ್ಟ.

“ನಾನು ಬೇಡ ಅಂದ್ರೆ ನಿನ್ನ ಆಸೆಗೆ ಬೆಲೆ ಇಲ್ಲ ಅಂದ ಹಾಗಾಗುತ್ತೆ. ಬೇಕು ಅಂದ್ರೆ ಮೂವತ್ತೆರಡು ವರ್ಷ ಈ ಮುಖ ಸಹಿಸ್ಕೊಂಡಿದ್ದೆ ಅಂದ ಹಾಗಾಗುತ್ತೆ. ಅದಕ್ಕೇ ಸುಮ್ಮನಿದ್ದೀನಿ.”

ಅವಳು ನಲ್ಲಿ ನಿಲ್ಲಿಸಿದಳು. ಸಹಿಸಿಕೊಂಡಿದ್ದೆಯಾ ಎಂದು ಕೇಳಿದಳು. ಇಲ್ಲ ಎಂದ ಅವನು. ನಿನ್ನ ನಾಲಿಗೆಯನ್ನು ಸಹಿಸಿಕೊಂಡಿದ್ದೇನೆ, ತುಟಿ ಏನೂ ತೊಂದರೆ ಕೊಟ್ಟಿಲ್ಲ ಎಂದ. ಅವಳಿಗೆ ನಗು ಬಂತು. ಸೋಪು ಹತ್ತಿದ ಎಡಗೈ ಬಾಯಿಗೆ ಹೋಯಿತು.

ಕಿಡ್ನಿ ಡಾಕ್ಟರ ಹತ್ತಿರ ಸೊಸೆಯೇ ಕರೆದುಕೊಂಡು ಹೋದಳು, ಒಂದು ಹಾಳೆ ತುಂಬ ಪ್ರಶ್ನೆ ಬರೆದುಕೊಂಡು. ಡಾಕ್ಟರು ನಿವೃತ್ತಿಯ ಅಂಚಿನಲ್ಲಿದ್ದವರು, ಮಾತು ನಿಧಾನ. ಹಾಳೆಯನ್ನು ಪೂರ್ತಿ ಓದಿ, ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ಈಗಿನ ಲೆಕ್ಕ ಇಪ್ಪತ್ತೊಂಬತ್ತು. ಸಣ್ಣ ಆಪರೇಷನ್, ಅಪಾಯವೂ ಸಣ್ಣದು, ಆದರೆ ಇಲ್ಲ ಅನ್ನಲಾಗದು. ಹೋದದ್ದು ಬರುವುದಿಲ್ಲ. ಹಾಗೆಂದು ಮುಂದೆ ಮಾಡಿಸಿಕೊಳ್ಳುತ್ತೇನೆ ಅಂದರೆ, ಡಯಾಲಿಸಿಸ್ ಶುರುವಾದ ಮೇಲೆ ಗಾಯ ಮಾಯುವುದು ಇನ್ನೂ ಕಷ್ಟ. ಮಾಡಿಸುವುದಾದರೆ ಈಗ, ಇಲ್ಲದಿದ್ದರೆ ಬಿಟ್ಟುಬಿಡಿ, ಎರಡೂ ತಪ್ಪಲ್ಲ ಎಂದರು.

ಅಷ್ಟರಲ್ಲಿ ರಫೂ ಅಮ್ಮ ಆರು ವರ್ಷದಲ್ಲಿ ಕೇಳದ ಪ್ರಶ್ನೆಯೊಂದನ್ನು ಕೇಳಿದಳು. ಈ ಇಪ್ಪತ್ತೊಂಬತ್ತು ಅಂದರೆ ಏನು, ಒಳಗೆ ಅವು ಏನು ಮಾಡುತ್ತವೆ?

ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಜರಡಿಗಳಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು ಎಂದರು. ಮೈಯಲ್ಲಿರುವ ರಕ್ತ ಐದು ಲೀಟರು. ಆರೋಗ್ಯವಂತರಲ್ಲಿ ಅವು ದಿನಕ್ಕೆ ನೂರೆಂಬತ್ತು ಲೀಟರು ಸೋಸುತ್ತವೆ, ಅಂದರೆ ಅದೇ ನೀರನ್ನು ಮತ್ತೆ ಮತ್ತೆ ಜಾಲಾಡಿ, ಬೇಕಾದ್ದನ್ನೆಲ್ಲ ಹನಿ ಬಿಡದೆ ವಾಪಸು ಕೊಟ್ಟು, ಬೇಡದ ಒಂದೂವರೆ ಲೀಟರು ಮಾತ್ರ ಹೊರಗೆ ಕಳಿಸುತ್ತವೆ. ನಿಮ್ಮಲ್ಲಿ ಹತ್ತರಲ್ಲಿ ಮೂರು ಉಳಿದಿವೆ. ಆ ಮೂರೇ ಉಳಿದ ಏಳರ ಕೆಲಸವನ್ನೂ ಹೊತ್ತುಕೊಂಡು ಹೋಗುತ್ತಿವೆ.

“ಅವಕ್ಕೆ ಬಿಡುವು ಯಾವಾಗ?” ಎಂದಳು ಅವಳು.

“ಬಿಡುವಿಲ್ಲ ತಾಯಿ. ನೀವು ಹುಟ್ಟೋ ಮೊದಲೇ ಶುರು ಮಾಡಿದ್ದು. ಈವರೆಗೆ ಒಂದು ನಿಮಿಷ ನಿಂತಿಲ್ಲ.”

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಬೆನ್ನನ್ನು ಸೀಟಿಗೆ ಒರಗಿಸದೆ ನೆಟ್ಟಗೆ ಕೂತಿದ್ದಳು, ಹಿಂದೆ ಯಾರೋ ಕೆಲಸ ಮಾಡುತ್ತಿದ್ದಾರೆ, ತೊಂದರೆಯಾದೀತು ಎನ್ನುವವರ ಹಾಗೆ. ಇಷ್ಟು ದಿನ ಕಿಡ್ನಿ ಎಂದರೆ ಅವಳಿಗೆ ಕೆಟ್ಟುಹೋದ ಒಂದು ವಸ್ತು, ಸಪ್ಪೆ ಊಟ, ಕೆಂಪು ಶಾಯಿಯ ಪಟ್ಟಿ. ಅವು ದುಡಿಯುತ್ತಿವೆ ಎಂದು ಯಾರೂ ಹೇಳಿರಲಿಲ್ಲ. ತಾನು ಗಂಡನ ಮೇಲೆ ರೇಗುವಾಗಲೂ, ನಿದ್ದೆ ಮಾಡುವಾಗಲೂ, ಆ ಹತ್ತು ದಿನ ತಾನೇ ಅವುಗಳ ಬಾಯಿಗೆ ವಿಷ ಹಾಕುತ್ತಿದ್ದಾಗಲೂ, ಉಳಿದಷ್ಟು ಜನ ಸೇರಿಕೊಂಡು ಜಾಲಾಡುತ್ತಲೇ ಇದ್ದರು. ಮನೆಗೆ ಬಂದು ಕೈಕಾಲು ತೊಳೆದವಳು ಸೊಸೆಗೆ ಹೇಳಿದಳು, ಬಿಡು, ತುಟಿ ಬೇಡ. ಬಿಡುವೇ ಕಾಣದವರ ಹೊಟ್ಟೆಯ ಮೇಲೆ ಹೊಡೆದು ನನಗೆ ಅಲಂಕಾರ ಬೇಡ.

ಸೊಸೆ ಆ ದಿನ ಪಲ್ಯಕ್ಕೆ ಚೂರು ನಿಂಬೆರಸ ಹೆಚ್ಚು ಹಿಂಡಿದಳು, ಅತ್ತೆಗೆ ಇಷ್ಟವೆಂದು.

ಹಾಗೆ ಎರಡು ವಾರ ಹೋಯಿತು. ಮಗ ನಿರಾಳವಾದ. ಕೋಟುಗಳು ಬಂದವು, ಹೋದವು.

ಒಂದು ಸಂಜೆ ಸೊಸೆ ಕೆಲಸದಿಂದ ಬಂದಾಗ ಅಜ್ಜಿ ಮೊಮ್ಮಗಳು ನೆಲದ ಮೇಲೆ ಕೂತಿದ್ದರು. ಅಜ್ಜಿ ದಾರದ ಉಂಡೆಯನ್ನು ಉರುಳಿಸುವುದು, ಪುಟ್ಟಿ ಅಂಬೆಗಾಲಿಟ್ಟು ಅಟ್ಟಿಸಿಕೊಂಡು ಹೋಗುವುದು. ಉಂಡೆ ಕುರ್ಚಿಯ ಕಾಲಿಗೆ ತಾಗಿ ವಾಪಸು ಬಂದು ಪುಟ್ಟಿಯ ಹೊಟ್ಟೆಗೇ ಬಡಿಯಿತು. ಅಜ್ಜಿ ನಕ್ಕಳು, ಕೈ ಬಾಯಿಗೆ ಹೋಯಿತು. ಪುಟ್ಟಿಯೂ ನಕ್ಕಳು. ಅವಳ ಪುಟ್ಟ ಎಡಗೈಯೂ ಮೇಲೆದ್ದು, ಬೆರಳು ಅಗಲಿಸಿಕೊಂಡು, ಬಾಯಿಗೆ ಅಡ್ಡ ಬಂದು ಕೂತಿತು.

ಸೊಸೆ ಚೀಲ ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ಆಕಸ್ಮಿಕವಿರಬಹುದೆಂದು ತಾನೇ ಬಂದು ಉಂಡೆ ಉರುಳಿಸಿದಳು. ಪುಟ್ಟಿ ಮತ್ತೆ ನಕ್ಕಳು. ಮತ್ತೆ ಅದೇ ಕೈ.

“ಯಾವಾಗಿಂದ ಹೀಗೆ ಮಾಡ್ತಾಳೆ?”

ರಫೂ ಅಮ್ಮನಿಗೆ ಗೊತ್ತಿರಲಿಲ್ಲ. ತನ್ನ ಕೈ ಬಾಯಿಯ ಮೇಲಿರುವುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಮಗುವಿನ ಕೈ ಹೇಗೆ ಗೊತ್ತಾದೀತು. ಡಾಕ್ಟರಮ್ಮ ಎಳೆಗೆ ಎಳೆ ಕೂಡಿಸಿದ ತುಟಿ, ಹುಡುಕಿದರೂ ಸಿಗದಂಥ ಗೆರೆ. ಅದನ್ನು ಮುಚ್ಚಿಕೊಳ್ಳುವುದನ್ನು ಆ ಮಗು ಒಬ್ಬರಿಂದಲೇ ಕಲಿತಿರಬೇಕು. ಅವಳು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟಳು. ಮನುಷ್ಯರು ಮನುಷ್ಯರೊಳಗೆ ಹೀಗೆಲ್ಲ ಇಳಿದುಹೋಗುತ್ತಾರೆಂದು ಅವಳಿಗೆ ಅದುವರೆಗೆ ಅನ್ನಿಸಿರಲಿಲ್ಲ. ರಕ್ತದಲ್ಲಿ ಬಂದದ್ದನ್ನು ಡಾಕ್ಟರು ಹೊಲಿದುಕೊಟ್ಟರು, ಇದು ಬರೀ ನೋಟದಲ್ಲಿ ಬಂದದ್ದು.

ಸೊಸೆ ಚೀಲ ಇಳಿಸಿ ಪಕ್ಕದಲ್ಲಿ ಕೂತಳು. ಮಾಡಿಸಿಬಿಡೋಣ ಅತ್ತೆ, ಪುಟ್ಟಿಗೋಸ್ಕರ, ಎಂದಳು.

“ಪುಟ್ಟಿ ಹೆಸರು ಹೇಳಬೇಡ. ಅವಳಿಗಾದ್ರೆ ನಾನು ಕೈ ಕಟ್ಟಿ ಕೂತು ಅಭ್ಯಾಸ ಮಾಡ್ಕೊಳ್ಳಬಹುದು. ಮಾಡಿಸಿದ್ರೆ ನನಗೋಸ್ಕರ. ನನಗೆ ಬೇಕು ಅಂತ.”

“ಬೇಕಾ?”

“ಏಳನೇ ವರ್ಷದಿಂದ ಬೇಕು.”

ಸೊಸೆ ಎದ್ದು ಫ್ರಿಜ್ಜಿನ ಬಾಗಿಲಿಂದ ಕೆಂಪು ಪಟ್ಟಿಯನ್ನು ಕಿತ್ತು, ಅದರ ಹಿಂಬದಿಯಲ್ಲಿ ಬರೆಯಲು ಶುರುಮಾಡಿದಳು. ಮಾಡಿಸುವುದಾದರೆ ಎಲ್ಲ ನನ್ನ ಲೆಕ್ಕದ ಪ್ರಕಾರ ಆಗಬೇಕು ಎಂದಳು. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಇಲ್ಲ. ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ, ಮೂರನೆಯ ದಿನ ಒಂದು, ಹತ್ತನೆಯ ದಿನ ಒಂದು. ಕುಡಿದ ನೀರೂ ಹೋದ ನೀರೂ ಅಳತೆಯಲ್ಲಿ. ಮಗ ಬಂದು ವಿಷಯ ತಿಳಿದು ಹಾರಾಡಿದ. ಹೆಂಡತಿ ತಲೆ ಎತ್ತದೆ ಬರೆಯುತ್ತಲೇ ಇದ್ದಳು. ತಂದೆ ಅವನನ್ನು ತರಕಾರಿ ತರಲು ಕಳಿಸಿದ.

ಮೊದಲ ಸಲ ಹೋದಾಗ ರಕ್ತದೊತ್ತಡ ಏರಿತ್ತೆಂದು ಬಾಗಿಲಿಂದಲೇ ವಾಪಸು ಕಳಿಸಿದರು. ಓವರ್‌ಲೋಡ್ ಆದರೆ ಲಿಫ್ಟಿನ ಬಾಗಿಲು ಮುಚ್ಚುವುದಿಲ್ಲ, ಒಂದಿಬ್ಬರು ಇಳಿಯಬೇಕು ಎಂದು ಗಂಡ ಅಂದ. ಆ ವಾರವೆಲ್ಲ ಮನೆಯಲ್ಲಿ ಯಾರೂ ದನಿ ಏರಿಸಕೂಡದು ಎಂದು ಸೊಸೆಯ ಕಟ್ಟಪ್ಪಣೆ. ಮಗ ಆ ವಾರ ಪಿಸುಮಾತಿನಲ್ಲೇ ಜಗಳವಾಡಿದ. ಎರಡನೆಯ ಸಲ ಒಳಗೆ ಬಿಟ್ಟರು.

ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿ ತುಟಿಯಷ್ಟೇ ಬಿಟ್ಟರು. ಎರಡು ಚುಚ್ಚು, ಆಮೇಲೆ ತುಟಿ ತನ್ನದಲ್ಲ. ಕಿವಿ ಮಾತ್ರ ತೆರೆದಿತ್ತು. ಡಾಕ್ಟರಮ್ಮನ ದನಿ ಹತ್ತಿರದಲ್ಲೇ ಕೇಳಿತು. ಹಳೆಯ ಹೊಲಿಗೆಯನ್ನು ಪೂರ್ತಿ ಬಿಚ್ಚುತ್ತೇನೆ, ಹುಟ್ಟಿದಾಗ ಹೇಗಿತ್ತೋ ಹಾಗೆ ಆಗುತ್ತದೆ, ಆಮೇಲೆ ಕೂಡಿಸುತ್ತೇನೆ ಎಂದರು. ರಫೂ ಅಮ್ಮನಿಗೆ ಅದು ಗೊತ್ತಿದ್ದ ಕೆಲಸವೇ. ಕೆಟ್ಟ ರಫೂವನ್ನು ಮೊದಲು ಕಿತ್ತುಹಾಕಬೇಕು, ತೂತು ಮೊದಲಿಗಿಂತ ದೊಡ್ಡದಾಗುತ್ತದೆ, ಹೆದರಬಾರದು. ಕತ್ತರಿಯ ಕಟ್ ಕಟ್ ಸದ್ದು ಕೇಳಿತು. ಆ ಕೆಲವು ನಿಮಿಷ ಅವಳ ಮುಖ ಮತ್ತೆ ಹುಟ್ಟಿದ ದಿನದ ಮುಖವಾಗಿತ್ತು. ಅವಳ ತಾಯಿ ಮೊದಲು ನೋಡಿದ ಮುಖ ಅದು. ನಡುವಿನ ವರ್ಷಗಳೆಲ್ಲ ಬಿಚ್ಚಿ ಪಕ್ಕಕ್ಕಿಟ್ಟ ಎಳೆಗಳಂತೆ ಬಿದ್ದಿದ್ದವು.

“ಅವಸರದಲ್ಲಿ ಹೊಲಿದಿದ್ದಾರೆ” ಎಂದರು ಡಾಕ್ಟರಮ್ಮ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. “ಆದ್ರೆ ಒಳಗಿನ ಮಾಂಸ ಒಂಚೂರೂ ಹಾಳು ಮಾಡಿಲ್ಲ. ಮುಂದೆ ಯಾರಾದ್ರೂ ಸರಿ ಮಾಡ್ಲಿ ಅಂತ ಉಳಿಸಿ ಹೋಗಿದ್ದಾರೆ. ಒಳ್ಳೇ ಕೈ.”

ನಲವತ್ತೊಂಬತ್ತು ವರ್ಷ ಅವಳು ಆ ಕೈಯನ್ನು ಶಪಿಸಿದ್ದಳು. ನಲವತ್ತು ಮಕ್ಕಳು ಸಾಲಾಗಿ ಕೂತಿದ್ದರು, ಮಧ್ಯಾಹ್ನದ ಹೊತ್ತಿಗೆ ಆ ಡಾಕ್ಟರ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು, ಅಷ್ಟು ಈಗ ನೆನಪಿಗೆ ಬಂತು. ಬಟ್ಟೆಯ ಅಡಿಯಲ್ಲಿ ಅವಳ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು. ನೋವಾಗುತ್ತಿದೆಯಾ ಎಂದು ನರ್ಸು ಕೇಳಿದಳು. ಇಲ್ಲವೆಂದು ಬೆರಳಾಡಿಸಿದಳು.

ಮನೆಗೆ ಬಂದಳು. ತುಟಿ ಬದನೆಕಾಯಿಯಾಗಿ ಊದಿತ್ತು. ಚಮಚದಲ್ಲಿ ಗಂಜಿ, ಚಮಚದಲ್ಲಿ ನೀರು. ಎರಡನೆಯ ದಿನ ನೋವು ಏರಿತು. ಪ್ಯಾರಾಸಿಟಮಾಲ್ ಸಾಲಲಿಲ್ಲ. ಬೇರೆ ಮಾತ್ರೆ ಕೇಳಲಿಲ್ಲ, ಸೊಸೆಯೂ ಕೊಡಲಿಲ್ಲ. ಗಂಡ ಹತ್ತಿರ ಕೂತು ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕಥೆಗಳನ್ನು ಹೇಳಿದ, ನಗಬಾರದು ಎಂದು ಪ್ರತಿ ಕಥೆಗೂ ಮೊದಲು ಎಚ್ಚರಿಸಿ.

ಮೂರನೆಯ ದಿನದ ರಕ್ತ ಪರೀಕ್ಷೆಯ ಚೀಟಿಯನ್ನು ಸೊಸೆ ಬಾಗಿಲಲ್ಲೇ ನಿಂತು ಓದಿದಳು. ಇಪ್ಪತ್ತಮೂರು. ಆಮೇಲೆ ಒಳಗೆ ಬಂದು, ದನಿ ಬದಲಿಸದೆ, ಎಲ್ಲರಿಗೂ ಹೇಳಿದಳು. ನಾನು ಮೊದಲೇ ಹೇಳಿದ್ದೆ ಎಂದ ಮಗ.

“ಈಗ ಅದನ್ನ ಹೇಳೋದ್ರಿಂದ ಯಾವ ನಂಬರ್ ಏರುತ್ತೆ?” ಎಂದಳು ಸೊಸೆ.

ಅವನು ಎದ್ದು ಹೋಗಿ ತಾಯಿಗೆ ನೀರು ಕಾಯಿಸಿ ತಂದ. ಗಂಜಿ ಸಾಲದೆ, ನೋವಿಗೆ ಹೆದರಿ ನೀರೂ ಕಡಿಮೆ ಕುಡಿದು ಅವಳ ಮೈ ಒಣಗಿತ್ತು. ಕಿಡ್ನಿ ಡಾಕ್ಟರು ಫೋನಿನಲ್ಲೇ ಒಂದು ಬಿ.ಪಿ. ಮಾತ್ರೆ ನಿಲ್ಲಿಸಿದರು, ಗಂಟೆಗೊಂದು ಲೋಟ ನೀರು ಎಂದರು. ಅಂದಿನಿಂದ ಆ ಮನೆ ಗಡಿಯಾರ ನೋಡಿಕೊಂಡು ಬದುಕಿತು. ಸೊಸೆ ಅಂಗಡಿಗೆ ರಜೆ ಹಾಕಿದಳು. ಮಗ ಲೋಟ ಹಿಡಿದ. ಗಂಡ ಹೋದ ನೀರಿನ ಅಳತೆಯ ಜಾಡಿಯನ್ನು ಬೆಳಕಿಗೆ ಹಿಡಿದು, ಗೆರೆ ನೋಡಿ, ಕೂಗಿ ಹೇಳಿದ, ಸೊಸೆ ಬರೆದುಕೊಂಡಳು. ಸಂಕೋಚ ಎನ್ನುವುದು ಎರಡನೆಯ ದಿನಕ್ಕೇ ಮನೆ ಬಿಟ್ಟು ಹೋಗಿತ್ತು. ರಫೂ ಅಮ್ಮ ಮಲಗಿದಲ್ಲಿಂದಲೇ ಬೆನ್ನಿನ ಕೆಳಗೆ ಎರಡೂ ಅಂಗೈ ಇಟ್ಟು, ಒಳಗಿರುವವರ ಜೊತೆ ಮಾತಾಡಿದಳು. ನನ್ನ ಆಸೆಗೆ ನೀವು ದುಡಿಯುತ್ತಿದ್ದೀರಿ, ಗೊತ್ತು, ಇನ್ನು ಸ್ವಲ್ಪ, ಎಂದಳು.

ಹತ್ತನೆಯ ದಿನ ಇಪ್ಪತ್ತೇಳು.

ಉಳಿದ ಎರಡು ಎಲ್ಲಿ ಹೋಯಿತು ಎಂದು ಸೊಸೆ ಡಾಕ್ಟರನ್ನು ಕೇಳಿದಳು. ಪರೀಕ್ಷೆಯಲ್ಲೇ ಎರಡು ಆಚೀಚೆ ಆಗುವುದುಂಟು, ನಿಜವಾಗಿ ಹೋಗಿರುವುದೂ ಉಂಟು, ಯಾವುದೆಂದು ನನಗೆ ಗೊತ್ತಿಲ್ಲ ಎಂದರು ಅವರು.

“ನಾನು ಕೊಟ್ಟೆ ಅಂದ್ಕೊಳ್ತೀನಿ” ಎಂದಳು ರಫೂ ಅಮ್ಮ. “ಕಳ್ಕೊಂಡೆ ಅನ್ನಲ್ಲ.”

ಡಾಕ್ಟರು ಕನ್ನಡಕ ತೆಗೆದು ಅವಳ ತುಟಿ ನೋಡಿದರು. ಬಾವು ಇಳಿದಿತ್ತು. ಆರು ವರ್ಷದಿಂದ ನೋಡುತ್ತಿದ್ದ ರೋಗಿಯನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. ಬಹಳ ಒಳ್ಳೆಯ ಕೆಲಸ ಎಂದರು.

ಎರಡು ತಿಂಗಳು ಕಳೆಯಿತು. ಹಿಂದಿನ ತುಟಿಯನ್ನು ಬೀದಿಯವರು ಮರೆತರು, ಅಂಗಡಿಯವರಲ್ಲಿ ಇಬ್ಬರು ಗಮನಿಸಲೇ ಇಲ್ಲ, ಒಬ್ಬ ಮಾತ್ರ ಹಲ್ಲು ಕಟ್ಟಿಸಿಕೊಂಡಿರಾ ಎಂದು ಕೇಳಿದ. ಊಟ ಅದೇ ಸಪ್ಪೆ, ಪಟ್ಟಿ ಅದೇ ಕೆಂಪು. ನಗುವಾಗ ಕೈ ಇನ್ನೂ ಅರ್ಧ ದಾರಿಯವರೆಗೆ ಏಳುತ್ತಿತ್ತು, ಅಲ್ಲಿ ನೆನಪಾಗಿ ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಅವಳು ಪುಟ್ಟಿಗೆ ಗಂಜಿ ಉಣಿಸುತ್ತಿದ್ದಳು. ಸೊಸೆ ಎದುರಿಗೆ ನಿಂತು ಮಾತ್ರೆಯ ಡಬ್ಬಿ ತುಂಬುತ್ತಿದ್ದಳು. ಗಂಜಿ ಬಿಸಿಯಿತ್ತು, ಮಗು ಬಾಯಿ ತೆರೆದು ಅವಸರ ಮಾಡುತ್ತಿತ್ತು. ರಫೂ ಅಮ್ಮ ಯೋಚಿಸದೆ ಚಮಚವನ್ನು ಬಾಯಿಯ ಹತ್ತಿರ ತಂದು, ತುಟಿ ಕೂಡಿಸಿ ಊದಿದಳು.

ಗಾಳಿ ಒಂದೇ ಎಳೆಯಾಗಿ, ನೆಟ್ಟಗೆ ಹೋಯಿತು. ಗಂಜಿಯ ಮೇಲೆ ಸಣ್ಣ ಅಲೆ ಎದ್ದು ಹಬೆ ಪಕ್ಕಕ್ಕೆ ಬಾಗಿತು. ಅವಳ ಕೈ ಅಲ್ಲೇ ನಿಂತಿತು. ಸಂದಿನಿಂದ ಸೋರಿಹೋಗದೆ ಉಸಿರು ತಾನು ಹೇಳಿದ ಕಡೆ ಹೋದದ್ದು ಹುಟ್ಟಿದ ಮೇಲೆ ಇದೇ ಮೊದಲು. ಚಮಚವನ್ನು ಬಟ್ಟಲಿಗೆ ಇಟ್ಟಳು. ಬಗ್ಗಿ, ಈ ಸಲ ತಿಳಿದೇ, ಪುಟ್ಟಿಯ ಹಣೆಯ ಮೇಲೆ ಮೆಲ್ಲಗೆ ಊದಿದಳು. ಮಗುವಿನ ಕೂದಲು ಎರಡು ಭಾಗವಾಯಿತು. ಕಣ್ಣು ಮುಚ್ಚಿದವು, ಮತ್ತೆ ತೆರೆದವು, ದೊಡ್ಡದಾದವು. ಆ ಗಾಳಿ ಎಲ್ಲಿಂದ ಬಂತೆಂದು ಪುಟ್ಟಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಕೊನೆಗೆ ಅಜ್ಜಿಯ ತುಟಿಯನ್ನು ಬೆರಳಿನಿಂದ ಮುಟ್ಟಿದಳು.

ಸೊಸೆಯ ಕೈಯಲ್ಲಿ ಗುರುವಾರದ ಖಾನೆ ತೆರೆದೇ ಇತ್ತು.

“ಇನ್ನೊಂದು ಸಲ ಅತ್ತೆ” ಎಂದಳು.